ದವಾಖಾನೆ ಎದುರಿನ ಗಿಲಕಿ ಅಕ್ಕ

ಗಿಲಕಿ ಅಕ್ಕ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ಆಕೆಯನ್ನು ಸದಾ ಬೈಯುತ್ತಿದ್ದ ಒಬ್ಬ ತಾಯಿ. ಕಳೆದ ತಿಂಗಳು ಮಗನಿಗೆ ಕೆಮ್ಮು ಎಂದು ಬಂದಿದ್ದರು. ಚೀಟಿ ಮಾಡಿಸುತ್ತ, ಬೆಟಗೇರಿಯಲ್ಲಿ ತಮ್ಮ ಮನೆಯ ಹಿಂದಿನ ಓಣಿಯಲ್ಲೇ ಆಕೆ ಇದ್ದದ್ದು, ಮೊನ್ನೆ ಮಣ್ಣು ಮಾಡಿ ಬಂದೆವು ಎಂದರು. ನಾನು ಪೆನ್ನು ಕೆಳಗಿಟ್ಟೆ. ಅವರು ಗೋಡೆಯ ಮೇಲಿನ ಟೀವಿಯತ್ತ ನೋಡಿದರು. ಅದರಲ್ಲಿ ಒಬ್ಬ ಹುಡುಗ ಬಣ್ಣದ ಮೊಟ್ಟೆ ಒಡೆದು ಒಳಗಿಂದ ಆಟಿಗೆ ಸಾಮಾನು ತೆಗೆಯುತ್ತಿದ್ದ. ಅವರ ಮಗ ಕೆಮ್ಮುವುದನ್ನೂ ಮರೆತು ಅದನ್ನೇ ನೋಡುತ್ತಿದ್ದ, ಅದು ಬೇಕು ಎಂದು ಸೆರಗು ಜಗ್ಗುತ್ತಿದ್ದ.

"ಆಕೀನ್ನ ಬೈಬೇಕಂದ್ರ ಎದುರಿಗೇ ಕುಂತಿರ್ತಿದ್ಲ್ರಿ," ಎಂದರು ಆ ತಾಯಿ. "ಇದನ್ನ ಬೈಬೇಕಂದ್ರ ಯಾರ ಮುಂದ ಹೋಗಿ ನಿಲ್ಲಬೇಕು?"

ನಾನು ಗದಗಿನ ಒಂದು ಮಕ್ಕಳ ದವಾಖಾನೆಯಲ್ಲಿ ಚೀಟಿ ಬರೆಯುವವಳು. ನನ್ನ ಮೇಜಿನ ಪಕ್ಕದ ಕಿಟಕಿ ರಸ್ತೆಗೆ ತೆರೆಯುತ್ತದೆ. ಕಿಟಕಿಯಾಚೆ ಒಂದು ಬೇವಿನ ಗಿಡ, ಅದರ ಬುಡದಲ್ಲಿ ಗಿಲಕಿ ಅಕ್ಕನ ಆಟಿಗೆಯ ತಳ್ಳುಗಾಡಿ. ಹೀಗಾಗಿ ನನ್ನ ಗಂಡನ ಮುಖಕ್ಕಿಂತ ಆಕೆಯ ಮುಖವನ್ನೇ ನಾನು ಹೆಚ್ಚು ನೋಡಿದ್ದೇನೆ ಎಂದರೆ ಸುಳ್ಳಲ್ಲ. ಆಕೆಗೆ ಅಪ್ಪ ಅವ್ವ ಇಟ್ಟ ಹೆಸರು ಬೇರೆ ಇತ್ತು. ಆ ಹೆಸರಿನಿಂದ ಯಾರಾದರೂ ಕರೆದರೆ ತಾನೇ ತಿರುಗಿ ನೋಡಲಿಕ್ಕಿಲ್ಲ ಎಂದು ನಗುತ್ತಿದ್ದಳು. ಹಾಗಾಗಿ ಆ ಹೆಸರು ಇಲ್ಲಿ ಬೇಡ. ಮನೆಯಲ್ಲಿ ಮಗ್ಗ ನಿಂತ ಮೇಲೆ ಗಾಡಿ ಹಿಡಿದಳು ಎಂಬುದನ್ನು ಬಿಟ್ಟು ಆಕೆಯ ಸಂಸಾರದ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ. ಆಕೆ ಹೇಳಲಿಲ್ಲ, ನಾನು ಕೇಳಲಿಲ್ಲ.

ಎತ್ತರದ, ಒಣಕಲು ಹೆಂಗಸು. ಬಿಸಿಲಿಗೆಂದು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟಿರುತ್ತಿದ್ದಳು. ಗಾಡಿಯನ್ನು ಆಕೆ ಹೊಂದಿಸುತ್ತಿದ್ದ ರೀತಿಯನ್ನು ನೋಡಬೇಕು. ದೊಡ್ಡವರ ಕಣ್ಣಿನ ಎತ್ತರದಲ್ಲಿ ಏನೂ ಇರುತ್ತಿರಲಿಲ್ಲ, ಬರಿ ಬಿದಿರಿನ ಗಳ. ನಡೆಯುವ ಮಕ್ಕಳಿಗೆಂದು ಕೆಳಗಿನ ಹಲಗೆಯ ಮೇಲೆ ಕೀಲಿ ಕೊಟ್ಟರೆ ಜಿಗಿಯುವ ಕಪ್ಪೆ, ಒತ್ತಿದರೆ ಹಾಡುವ ಸುಳ್ಳು ಮೊಬೈಲು, ಪೀಪಿ. ಅವ್ವಂದಿರ ಸೊಂಟದ ಮೇಲೆ ಬರುವ ಕೂಸುಗಳಿಗೆಂದು ಸರಿಯಾಗಿ ಸೊಂಟದ ಎತ್ತರಕ್ಕೆ ದಾರ ಕಟ್ಟಿ ತೂಗುಬಿಟ್ಟ ಅಲುಗಿದರೆ ಗಿಲಗಿಲ ಎನ್ನುವ ಗಿಲಕಿಗಳು ಮತ್ತು ಊದಿ ಕಟ್ಟಿದ ಪುಗ್ಗಾಗಳು. ಕೂಸು ಸುಮ್ಮನೆ ಕೈ ಚಾಚಿದರೂ ಸಾಕು, ಒಂದು ಗಿಲಕಿ ಕೈಗೆ ಸಿಗಬೇಕು. ಒಮ್ಮೆ ಸಿಕ್ಕಿದ್ದನ್ನು ಕೂಸಿನ ಕೈಯಿಂದ ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಹೆತ್ತವರಿಗೇ ಗೊತ್ತು. ಆಕೆಗೂ ಗೊತ್ತಿತ್ತು.

ಹೆತ್ತವರೊಡನೆ ಆಕೆ ವ್ಯಾಪಾರದ ಮಾತು ಆಡುತ್ತಲೇ ಇರಲಿಲ್ಲ. ರೊಕ್ಕ ಕೊಡುವವರನ್ನು ಮಾತಾಡಿಸಿದರೆ ಅವರು ಎಚ್ಚರಾಗುತ್ತಾರೆ ಎಂದು ನನಗೆ ಒಮ್ಮೆ ಹೇಳಿದ್ದಳು. ಏನಿದ್ದರೂ ಕೂಸಿನ ಜೊತೆಗೇ ಮಾತು. ಸೂಜಿ ಮಾಡಿಸಿಕೊಂಡು ಅಳುತ್ತ ಬರುವ ಮಗುವನ್ನು ದೂರದಿಂದಲೇ ಗುರುತಿಸಿ ಒಮ್ಮೆ ಪೀಪಿ ಊದುವಳು. ಅಳು ಗಕ್ಕನೆ ನಿಲ್ಲುವುದು, ಮಗು ಅತ್ತ ತಿರುಗುವುದು, ಅಪ್ಪನ ಕೈ ತಾನಾಗಿ ಕಿಸೆಗೆ ಹೋಗುವುದು.

ಇದನ್ನು ನೋಡಿ ಹುಲಕೋಟಿಯ ಒಬ್ಬರು, ಒಕ್ಕಲುತನದವರು, ನನ್ನ ಕಿಟಕಿಗೆ ಬಂದು ಸಿಟ್ಟಿನಿಂದ ಹೇಳಿದ್ದರು: "ನಮ್ಮ ಕಿಸೆದಾಗ ಕೈ ಹಾಕಾಕ ಆಕಿ ನಮ್ಮ ಕೂಸಿನ ಕೈನ ಬಳಸ್ತಾಳ್ರಿ." ಆ ಮಾತು ಆಕೆಗೂ ಕೇಳಿಸಿತು. ಇಲ್ಲ ಎನ್ನಲಿಲ್ಲ, ಅವರ ಕೂಸಿಗೆ ಇನ್ನೊಂದು ಪುಗ್ಗಾ ತೋರಿಸಿದಳು.

ಲಕ್ಷ್ಮೇಶ್ವರದಿಂದ ಬರುತ್ತಿದ್ದ ಒಬ್ಬ ಮಾಸ್ತರರು ಗಾಡಿ ದಾಟುವಾಗ ಮಗನ ಮುಖದ ಮೇಲೆ ಟಾವೆಲ್ಲು ಹಾಕಿಕೊಂಡು ದಾಪುಗಾಲು ಹಾಕುವರು. ಟಾವೆಲ್ಲಿನೊಳಗಿಂದಲೇ ಆ ಹುಡುಗ ಕೀಲಿ ಕಪ್ಪೆಯ ಹೆಸರು ಹಿಡಿದು ಕೂಗುವನು. ಶಿರಹಟ್ಟಿಯ ಒಬ್ಬ ಅಜ್ಜಿ ಮನೆ ಮುಟ್ಟುವ ಮೊದಲೇ ಮುರಿದ ಸುಳ್ಳು ಮೊಬೈಲನ್ನು ಮರುವಾರ ತಂದು ಗಾಡಿಯ ಮೇಲೆ ಕುಕ್ಕಿ, ಊರು ಕೇರಿ ಕೂಡುವಂತೆ ಜಗಳ ತೆಗೆದು, ಕಡೆಗೆ ಮೊಮ್ಮಗ ಬಿಡದ್ದಕ್ಕೆ ಅಂಥದ್ದೇ ಇನ್ನೊಂದನ್ನು ಒಯ್ದಳು. ಡಾಕ್ಟರರ ಮುಂದೆ ಕೂತು ಆಕೆಯನ್ನು ಎಬ್ಬಿಸಿ ಎಂದು ದೂರುವವರಿಗೆ ಲೆಕ್ಕವೇ ಇರಲಿಲ್ಲ. ಅಳುವ ಕೂಸಿನ ಎದುರು ಅಂಗಡಿ ಇಡುವುದು ಯಾವ ನ್ಯಾಯ ಎನ್ನುವರು. ಅದೇ ಜನ ಸೂಜಿ ಕಂಡು ಮಗು ಕಾಲು ಬಡಿದಾಗ, ಸುಮ್ಮನಿದ್ದರೆ ಗಿಲಕಿ ಅಕ್ಕನ ಹತ್ತಿರ ಕರೆದೊಯ್ಯುತ್ತೇನೆ ಎಂದು ಆಸೆ ಹಚ್ಚುವರು. ನಾನು ಇದನ್ನೆಲ್ಲ ಕೇಳಿ ಕೇಳಿ ಬೇಸತ್ತಿದ್ದೆ. ಬೈಯುವುದಾದರೆ ನೆಟ್ಟಗೆ ಬೈಯಬೇಕು, ಕೊಳ್ಳುವುದಾದರೆ ಬಾಯಿ ಮುಚ್ಚಿಕೊಂಡು ಕೊಳ್ಳಬೇಕು ಎಂಬುದು ನನ್ನ ಅಂಬೋಣ.

ಹಾಗೆಂದು ನಾನೇನು ಹೊರತಲ್ಲ. ನನ್ನ ಮಗಳನ್ನು ದವಾಖಾನೆಗೆ ಕರೆತಂದ ದಿನ ಹಿಂಬಾಗಿಲಿನಿಂದಲೇ ಒಳಗೆ, ಹಿಂಬಾಗಿಲಿನಿಂದಲೇ ಹೊರಗೆ. ಕೆಲವು ಸಲ ಇದು ನಡೆಯಿತು. ಆಮೇಲೊಂದು ದಿನ ಹಿಂಬಾಗಿಲು ತೆಗೆದರೆ ಗಾಡಿ ಅಲ್ಲಿಯೇ ನಿಂತಿತ್ತು, ಗಿಲಕಿ ಅಕ್ಕ ನನ್ನನ್ನು ನೋಡದವಳಂತೆ ಪುಗ್ಗಾ ಊದುತ್ತಿದ್ದಳು. ಮಗಳಿಗೆ ಕಪ್ಪೆ ಕೊಡಿಸಿದೆ. ಮರುದಿನದಿಂದ ಗಾಡಿ ಮತ್ತೆ ಬೇವಿನ ಗಿಡದ ಕೆಳಗೇ.

ಹೆತ್ತವರ ಪೈಕಿ ತೀರ ಎಳೆಯ ತಾಯಂದಿರು, ಮೊದಲ ಕೂಸನ್ನು ಎತ್ತಿಕೊಂಡು ಬಂದವರು, ಕಣ್ಣಲ್ಲಿ ನೀರು ತಂದುಕೊಂಡಿರುತ್ತಿದ್ದರು. ಅವರಿಗೆ ಮಾತ್ರ ಆಕೆಯ ಒಂದು ಮಾತು ಮೀಸಲು. ಗಿಲಕಿಯನ್ನು ಕೂಸಿನ ಮುಷ್ಟಿಯಲ್ಲಿಟ್ಟು, "ಹಿಡೀಲಿ ಬಿಡವಾ, ಜ್ವರ ತಾವ ಇಳೀತಾವು," ಎನ್ನುವಳು. ಅವ್ವ ನಗುವಳು, ಗಿಲಕಿ ಮಾರಾಟವಾಗುವುದು. ಅದು ಮಾರುವವಳ ಮಾತು ಎಂದು ಎಲ್ಲರಿಗೂ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ನಾವು ತಿಳಿದಿದ್ದೆವು. ಹಾಗಾದರೆ ತಾನು ಅಂಗಡಿ ಮುಚ್ಚುವುದೇ ವಾಸಿ ಎಂದು ಡಾಕ್ಟರರೂ ನಗೆಯಾಡುತ್ತಿದ್ದರು. ದವಾಖಾನೆಯ ನರ್ಸುಗಳು ತಮ್ಮ ತಮ್ಮಲ್ಲಿ ತಲೆನೋವು ಬಂದರೆ ಗಿಲಕಿ ತರಲೇನು ಎನ್ನುವರು.

ಕೊರ್ಲಹಳ್ಳಿ ಕಡೆಯ ಒಬ್ಬ ಎಳೆಯ ತಾಯಿ ಅತ್ತೆಯ ಜೊತೆ ಬಂದದ್ದು ಕೆಲವು ವರ್ಷಗಳ ಹಿಂದೆ, ಸುಗ್ಗಿಯ ದಿನಗಳಲ್ಲಿ. ಕೂಸು ಇನ್ನೂ ನಡೆಯಲು ಕಲಿತಿರಲಿಲ್ಲ. ಊರಲ್ಲೇ ಔಷಧ ಹಾಕಿ ಹಾಕಿ, ಜ್ವರ ಬಿಡದಿದ್ದಾಗ ಗದಗಿಗೆ ತಂದಿದ್ದರು. ಡಾಕ್ಟರರು ನೋಡಿ ಇಲ್ಲಿ ಆಗುವುದಿಲ್ಲ, ಇವತ್ತೇ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದರು. ಒಂದು ಸಲವಲ್ಲ, ಅತ್ತೆಗೆ ಬೇರೆ, ಸೊಸೆಗೆ ಬೇರೆ ಹೇಳಿದರು. ಗಾಡಿ ಮಾಡಿಸಿಕೊಡಲೇ ಎಂದು ನಾನೂ ಕೇಳಿದೆ. ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದು ಫೋನು ಹಿಡಿದು ಹೊರಗೆ ಹೋದರು.

ಮುಂದಿನದನ್ನು ನಾನು ಕಿಟಕಿಯಿಂದ ಅರ್ಧ ನೋಡಿದೆ, ಅರ್ಧ ಆಮೇಲೆ ಕೇಳಿ ತಿಳಿದೆ. ಗಂಡನಿಗೆ ಫೋನು ಹತ್ತಲಿಲ್ಲ. ತಾಯಿ ಬೇವಿನ ನೆರಳಿಗೆ ಸರಿದಳು. ಬೆಳಗಿನಿಂದ ಕಣ್ಣೇ ಸರಿಯಾಗಿ ತೆರೆಯದಿದ್ದ ಕೂಸು ತೂಗಾಡುವ ಕೆಂಪು ಗಿಲಕಿಯನ್ನು ನೋಡಿತು, ಕೈ ಎತ್ತಿತು. ಗಿಲಕಿ ಅಕ್ಕ ಅದನ್ನು ಬಿಚ್ಚಿ ಮುಷ್ಟಿಯಲ್ಲಿಟ್ಟಳು, ಎಳೆಯ ತಾಯಂದಿರಿಗೆ ಹೇಳುವ ಮಾತನ್ನೇ ಹೇಳಿದಳು. ಕೂಸು ನಕ್ಕಿತಂತೆ. ಅತ್ತೆ ಅದನ್ನು ನೋಡಿ, ನಗುವ ಕೂಸನ್ನು ಹುಬ್ಬಳ್ಳಿಗೆ ಯಾಕೆ ಹೊತ್ತೊಯ್ಯಬೇಕು ಎಂದಳಂತೆ. ನಾನು ಬೇರೆಯವರ ಚೀಟಿ ಬರೆದು ತಲೆ ಎತ್ತಿದಾಗ ಅವರು ಅಲ್ಲಿರಲಿಲ್ಲ. ಹುಬ್ಬಳ್ಳಿಗೆ ಹೊರಟರು ಎಂದುಕೊಂಡೆ. ಅವರು ಊರಿಗೆ ಹೋಗುವ ಮುಂಡರಗಿ ಬಸ್ಸು ಹತ್ತಿದ್ದರು.

ಆ ವಾರದಲ್ಲೇ ಕೂಸು ಹೋಯಿತು. ಸುದ್ದಿ ತಂದವರು ಅದೇ ಕಡೆಯ ಇನ್ನೊಬ್ಬ ರೋಗಿಯ ಮನೆಯವರು. ಪಾಳಿ ಕಾಯುವ ಕೋಣೆಯಲ್ಲಿ ಕುಳಿತು ನಾಲ್ಕು ಮಂದಿಗೆ ಕೇಳುವಂತೆ ಹೇಳಿದರು. ದವಾಖಾನೆ ಮುಂದಿನ ಹೆಂಗಸು ಜ್ವರ ಇಳಿಯುತ್ತವೆ ಎಂದಳಂತೆ, ಅದನ್ನು ನಂಬಿ ಮನೆಗೆ ಹೋದರಂತೆ. ಕೂಸು ಗಿಲಕಿಯನ್ನು ಬಿಟ್ಟೇ ಇರಲಿಲ್ಲವಂತೆ, ಅದನ್ನು ಜೊತೆಗೇ ಮಣ್ಣಿನಲ್ಲಿಟ್ಟರಂತೆ. ಕಿಟಕಿ ತೆರೆದೇ ಇತ್ತು. ಹೊರಗೆ ಪೀಪಿಯ ದನಿ ಅರ್ಧಕ್ಕೇ ನಿಂತಿತು.

ಅಲ್ಲಿಯತನಕ ಗಿಲಕಿ ಅಕ್ಕ ದವಾಖಾನೆಯ ಒಳಗೆ ಕಾಲಿಟ್ಟವಳಲ್ಲ. ನೀರು ಬೇಕಾದರೂ ಕಿಟಕಿಯಿಂದಲೇ ಇಸಿದುಕೊಳ್ಳುವಳು. ಅವತ್ತು ಚಪ್ಪಲಿ ಹೊರಗೆ ಬಿಟ್ಟು ಬಂದಳು. ಪಾಳಿಯಲ್ಲಿ ಕುಳಿತಳು. ಹೆಸರು ಬರೆಯಲೇ ಎಂದು ಕೇಳಿದ್ದಕ್ಕೆ ಬೇಡ ಎಂದು ತಲೆಯಾಡಿಸಿದಳು. ಎಲ್ಲರೂ ಹೋದ ಮೇಲೆ ಡಾಕ್ಟರರ ಮುಂದೆ ನಿಂತು, "ಅವತ್ತ ಹುಬ್ಬಳ್ಳಿಗೆ ಹೋಗಿದ್ರ ಆ ಕೂಸು ಉಳೀತಿತ್ತೇನ್ರಿ?" ಎಂದು ಕೇಳಿದಳು.

ನಮ್ಮ ಡಾಕ್ಟರರು ಒಳ್ಳೆಯ ಮನುಷ್ಯ. ಸುಳ್ಳು ಹೇಳಿ ಕಳಿಸಿಬಿಡಬಹುದಿತ್ತು. ಅವರು ಕನ್ನಡಕ ತೆಗೆದು, ತಂದಾಗಲೇ ಬಹಳ ತಡವಾಗಿತ್ತು, ಹೋಗಿದ್ದರೂ ಏನಾಗುತ್ತಿತ್ತೋ ಹೇಳಲು ಬರುವುದಿಲ್ಲ ಎಂದರು. ಆಕೆ ಇನ್ನೊಮ್ಮೆ ಕೇಳಿದಳು. ಅವರು ಮತ್ತೆ ಅದನ್ನೇ ಹೇಳಿದರು. ಹೌದು ಎಂದಿದ್ದರೂ ಆಕೆ ಹೇಗೋ ಹೊತ್ತುಕೊಳ್ಳುತ್ತಿದ್ದಳು, ಇಲ್ಲ ಎಂದಿದ್ದರೆ ಇಳಿಸಿ ಹೋಗುತ್ತಿದ್ದಳು. ಎರಡೂ ಅಲ್ಲದ್ದನ್ನು ತೆಗೆದುಕೊಂಡು ಹೊರಗೆ ಹೋದಳು. ನನಗೆ ಆ ಹೊತ್ತು ಡಾಕ್ಟರರ ಮೇಲೆ ಸಿಟ್ಟು ಬಂತು, ಯಾಕೆಂದು ಇವತ್ತಿಗೂ ಹೇಳಲಾರೆ.

ಆಮೇಲೆ ಒಂದು ವಾರ ಗಾಡಿ ಬರಲಿಲ್ಲ. ಇನ್ನು ಬಿಟ್ಟಳು ಎಂದುಕೊಂಡೆವು. ಬಂದಳು. ಹೊಟ್ಟೆ ಎಂಬುದೊಂದು ಇದೆಯಲ್ಲ. ಆದರೆ ಗಿಲಕಿಗಳನ್ನು ಸೊಂಟದ ಎತ್ತರದಿಂದ ಬಿಚ್ಚಿ ಮೇಲಿನ ಗಳಕ್ಕೆ ಕಟ್ಟಿದ್ದಳು. ಪೀಪಿ ಊದಲಿಲ್ಲ, ಕೂಸುಗಳನ್ನು ಮಾತಾಡಿಸಲಿಲ್ಲ. ಯಾರಾದರೂ ತಾವಾಗಿ ಬಂದು ಬೇಡಿದರೆ ಮಾತ್ರ ಕೊಡುವಳು, ಅದಕ್ಕೂ ಮೊದಲು ಡಾಕ್ಟರರು ಏನೆಂದರು ಎಂದು ಕೇಳುವಳು. ಭರ್ತಿ ಮಾಡಲು ಹೇಳಿದ್ದಾರೆ, ಹುಬ್ಬಳ್ಳಿಗೆ ಬರೆದಿದ್ದಾರೆ ಎಂದು ಯಾರಾದರೂ ಅಂದರೆ ತಾಡಪತ್ರಿ ಇಳಿಬಿಟ್ಟು ಗಾಡಿಯನ್ನೇ ಮುಚ್ಚಿಬಿಡುವಳು. ಅವರು ಆಟೋ ಹತ್ತಿ ಹೋಗುವವರೆಗೂ ತೆಗೆಯುತ್ತಿರಲಿಲ್ಲ.

ಇದೂ ಹೆತ್ತವರಿಗೆ ಸೇರಲಿಲ್ಲ. ಆಟಿಗೆ ಮಾರುವವಳಿಗೆ ನಮ್ಮ ಕೂಸಿನ ರೋಗದ ಉಸಾಬರಿ ಯಾಕೆ ಎಂದು ಒಬ್ಬರು ಅಂದರು. ಮೊದಲೇ ಗಾಬರಿಯಲ್ಲಿದ್ದೇವೆ, ಈಕೆ ಸಾವಿನ ಮನೆಯಂತೆ ಬಾಗಿಲು ಹಾಕುತ್ತಾಳೆ ಎಂದು ಇನ್ನೊಬ್ಬರು. ಮಗುವಿಗೆ ಪುಗ್ಗಾ ಕೊಡಿಸಿ ನಗಿಸುತ್ತ ಹುಬ್ಬಳ್ಳಿಗೆ ಕರೆದೊಯ್ಯೋಣ ಎಂದಿದ್ದ ಒಬ್ಬ ಅಪ್ಪ, ಆಕೆ ಕೊಡದಿದ್ದಾಗ ಗಾಡಿಯ ಚಕ್ರಕ್ಕೆ ಒದ್ದು ಹೋದರು. ಮಾರಿದರೆ ಮಾರಿದಳು ಎಂದು ಬೈಗುಳ, ಮಾರದಿದ್ದರೆ ಮಾರಲಿಲ್ಲ ಎಂದು ಬೈಗುಳ. ಆಕೆ ಎರಡನ್ನೂ ಒಂದೇ ಮುಖದಲ್ಲಿ ಕೇಳಿಸಿಕೊಂಡಳು. ನನ್ನೊಡನೆ ಮಾತ್ರ ಕಿಟಕಿಗೆ ಬಂದು, ಇವತ್ತು ಕೊರ್ಲಹಳ್ಳಿ ಕಡೆಯವರು ಯಾರಾದರೂ ಬಂದಿದ್ದಾರೆಯೇ ಎಂದು ವಿಚಾರಿಸುವಳು. ಒಮ್ಮೆ ಆ ತಾಯಿಯನ್ನು ಕಾಣಲೆಂದೇ ಹೊರಟು, ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಮುಂದಿನ ಬಸ್ಸು ಬಂದಾಗ ಹತ್ತಲು ಕಾಲು ಬರದೆ ತಿರುಗಿ ಬಂದಿದ್ದಳು. ಹೋಗಿ ಏನು ಕೇಳಬೇಕು ಎಂದು ಗೊತ್ತಾಗಲಿಲ್ಲವಂತೆ.

ಅದೇ ದಿನಗಳಲ್ಲಿ ಪಾಳಿ ಕಾಯುವ ಕೋಣೆಗೆ ಟೀವಿ ಬಂತು. ಮಕ್ಕಳು ಸುಮ್ಮನೆ ಕೂರಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಹಾಕಿಸಿದ್ದು. ಅದರ ಚಿತ್ರಗಳ ನಡುನಡುವೆ ಬರುವ ಆಟಿಗೆಗಳ ಜಾಹೀರಾತುಗಳು ಈಗ ಮಕ್ಕಳಿಗೆ ಬಾಯಿಪಾಠ. ಇದನ್ನು ಆಡಿಸಿದರೆ ಮಗುವಿನ ಬುದ್ಧಿ ಚುರುಕಾಗುತ್ತದೆ, ಇದು ಇದ್ದರೆ ಮಗು ಎಲ್ಲರಿಗಿಂತ ಮುಂದೆ ಎಂದು ಅದು ದಿನವಿಡೀ ಹೇಳುತ್ತದೆ. ಅಂಥ ಆಟಿಗೆಯ ಡಬ್ಬಿಯೊಂದನ್ನು ದುಬಾರಿ ಬೆಲೆಗೆ ತರಿಸಿದ ತಾಯಿಯೊಬ್ಬಳು ನನ್ನ ಮುಂದೆ ಹೆಮ್ಮೆಯಿಂದ ತೆಗೆದು ತೋರಿಸಿದ್ದಳು. ಎರಡು ವರ್ಷದ ಮಗು ಮಾತಾಡುತ್ತಿಲ್ಲ ಎಂದು ಡಾಕ್ಟರರಿಗೆ ತೋರಿಸಲು ಬಂದಿದ್ದವಳು. ಡಬ್ಬಿಯ ಮೇಲೆ ಬರೆದಿದೆಯಲ್ಲ, ಇನ್ನೊಂದು ತಿಂಗಳು ಇದನ್ನು ಆಡಿಸಿ ನೋಡಿ ಆಮೇಲೆ ತೋರಿಸುತ್ತೇನೆ ಎಂದು ಪಾಳಿ ಬರುವ ಮೊದಲೇ ಎದ್ದು ಹೋದಳು. ಹಿಂದೆ ಓಡಿ ಹೋಗಿ ಕರೆದೆ, ಆಕೆ ಬರಲಿಲ್ಲ. ಆ ಡಬ್ಬಿಯ ಮೇಲಿನ ಮಾತು ಬರೆದವರು ಯಾರೋ, ಎಲ್ಲಿ ಕುಳಿತಿದ್ದಾರೋ. ಚಪ್ಪಲಿ ಹೊರಗೆ ಬಿಟ್ಟು ಬಂದು ಡಾಕ್ಟರರನ್ನು ಕೇಳುವವರು ಅವರಲ್ಲಿ ಯಾರಿದ್ದಾರೆ? ಅವತ್ತು ಆ ಕೂಸು ಹೋದಂದಿನಿಂದ ಗಿಲಕಿ ಅಕ್ಕನ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿಯಿತು ಎಂದರೆ ಸುಳ್ಳಾದೀತು. ಆದರೆ ಆ ಸಿಟ್ಟಿಗೆ ಆಕೆಯೊಬ್ಬಳನ್ನೇ ಗುರಿ ಮಾಡುವುದು ನನ್ನಿಂದ ಆಗಲಿಲ್ಲ.

ಆಕೆಗೆ ವಯಸ್ಸಾಯಿತು. ಅಂಗಿ ಹೆಗಲಿನಿಂದ ಜಾರುವಷ್ಟು ಇಳಿದು ಹೋದಳು. ವ್ಯಾಪಾರವೂ ಇಳಿಯಿತು. ಮಕ್ಕಳು ಅಪ್ಪನ ಫೋನಿನೊಳಗೆ ಕಣ್ಣು ನೆಟ್ಟುಕೊಂಡೇ ಗಾಡಿಯನ್ನು ದಾಟಿ ಹೋಗುತ್ತಿದ್ದವು, ಯಾರ ಮುಖಕ್ಕೂ ಟಾವೆಲ್ಲು ಹಾಕುವ ಕಾರಣ ಉಳಿದಿರಲಿಲ್ಲ.

ಕೊರ್ಲಹಳ್ಳಿ ಕಡೆಯ ಆ ತಾಯಿ ಮತ್ತೆ ಬಂದದ್ದು ಹೋದ ವರ್ಷ. ಸೊಂಟದ ಮೇಲೆ ಇನ್ನೊಂದು ಕೂಸು, ಹೆಣ್ಣು. ನೆಗಡಿ, ಅಷ್ಟೇ. ಚೀಟಿಗೆ ಊರ ಹೆಸರು ಹೇಳಿದಾಗ ನಾನು ಮುಖ ನೋಡಿದೆ, ಗುರುತಾಯಿತು. ಕೂಸನ್ನು ಡಾಕ್ಟರರಿಗೆ ತೋರಿಸಿ, ಔಷಧ ತೆಗೆದುಕೊಂಡು ಹೊರಗೆ ಹೋದಳು. ನಾನು ಎದ್ದು ಕಿಟಕಿಗೆ ಬಂದೆ.

ಗಿಲಕಿ ಅಕ್ಕ ಆಕೆಯನ್ನು ದೂರದಿಂದಲೇ ಕಂಡಳು. ಏನೂ ಕೇಳದೆ ತಾಡಪತ್ರಿ ಎಳೆಯತೊಡಗಿದಳು. ತಾಡಪತ್ರಿ ಗಳಕ್ಕೆ ಸಿಕ್ಕಿಕೊಂಡಿತು. ಅರ್ಧ ಮುಚ್ಚಿದ ಗಾಡಿಯತ್ತ ಕೂಸು ಕೈ ಚಾಚಿ ಅಳಲು ಹತ್ತಿತು. ತಾಯಿ ಬಂದು ಎದುರಿಗೇ ನಿಂತಳು.

"ಹೋದ ಕೂಸಿಗೆ ಕೊಟ್ಟಿದ್ರಿ. ಇದ್ದ ಕೂಸಿಗೆ ಕೊಡಂಗಿಲ್ಲೇನ್ರಿ ಅಕ್ಕಾ?" ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಗಿಲಕಿ ಅಕ್ಕ ಗಾಡಿಯ ಅಂಚು ಹಿಡಿದುಕೊಂಡಳು. ತಾನು ವರ್ಷಗಟ್ಟಲೆ ಹಾದಿ ಕಾದಿದ್ದ ಹೆಂಗಸು ಎದುರಿಗೆ ನಿಂತಿದ್ದಳು. ಕಡೆಗೆ ಕೇಳಿದಳು. ತನ್ನ ಮಾತು ಕೇಳಿಯೇ ಅವತ್ತು ಮನೆಗೆ ಹೋದಿರೇನು ಎಂದು.

ಆ ತಾಯಿ ಕೂಸನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು.

"ನಿಮ್ಮ ಮಾತು ಯಾರು ನಂಬಿದ್ರಿ," ಎಂದಳು. "ಸುಗ್ಗಿಗಂತ ಹೊಲದಾಗ ಮಂದಿ ಹಚ್ಚಿದ್ವಿ. ಅತ್ತಿ ಜೀವ ಎಲ್ಲಾ ಅಲ್ಲೇ ಇತ್ತು. ನನಗೂ ದೊಡ್ಡ ದವಾಖಾನಿ ಅಂದ್ರ ಅಂಜಿಕಿ. ಮನಿಗೆ ಹೋಗಾಕ ನಮಗ ಒಂದು ಮಾತು ಬೇಕಾಗಿತ್ತು. ನೀವು ಕೊಟ್ರಿ, ತಗೊಂಡು ಹ್ವಾದ್ವಿ."

ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಇನ್ನಾದರೂ ಈಕೆಯ ಭಾರ ಇಳಿಯಿತು ಎಂದು ನನ್ನ ಜೀವ ಹಗುರಾಯಿತು. ಗಿಲಕಿ ಅಕ್ಕ ಮೇಲಿನ ಗಳದಿಂದ ಒಂದು ಗಿಲಕಿ ಬಿಚ್ಚಿ ಕೂಸಿನ ಮುಷ್ಟಿಯಲ್ಲಿಟ್ಟಳು. ಕೂಸು ಅಳು ನಿಲ್ಲಿಸಿ ಅದನ್ನು ಬಾಯಿಗೆ ಒಯ್ದಿತು. ಆಕೆ ಅದರ ಬೆರಳುಗಳನ್ನೇ ನೋಡುತ್ತಿದ್ದಳು.

"ಬೇಕಾದಾವ್ರು ತಗೊಂಡು ಹೋಗ್ತಾರವಾ," ಎಂದಳು. "ಆ ಮಾತನ್ನ ಮಾರಾಕ ಇಟ್ಟಾಕಿ ನಾನ ಅಲ್ಲೇನು?"

ಆ ತಾಯಿ ಸೆರಗಿನಿಂದ ಕೂಸಿನ ಮೂಗು ಒರೆಸಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.